ಟ್ಯಾಬ್ಲೆಟ್‌ನಲ್ಲಿ ಎಫ್‌ಎಂ ಸಿಂಥ್: ಯಾವ ಆಪ್ ತಗೊಳ್ಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆ ಕೀಬೋರ್ಡ್ ನುಡಿಸುವ ಹುಡುಗ ಹುಡುಗಿಯರು ಈಗ ಟ್ಯಾಬ್ಲೆಟ್‌ನಲ್ಲೇ ಹಾಡು ಕಟ್ಟುತ್ತಿದ್ದಾರೆ. ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ, ಭಜನಾ ಮಂಡಳಿಗೆ, ಕಾಲೇಜ್ ಡೇಗೆ, ಯೂಟ್ಯೂಬ್‌ಗೆ. ಅವರಲ್ಲಿ ಎಫ್‌ಎಂ ಸಿಂಥ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಸಿಂಥ್ ಅಂದರೆ ಸಿಂಥಸೈಜರ್, ದನಿಯನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ. ಅವರಿಗೆ ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಆಪ್‌ನಲ್ಲಿ ಎಷ್ಟು ಟೋನ್ ಇವೆ ಎಂದು ಎಣಿಸಬೇಡಿ. ಒಂದು ಟೋನನ್ನು ಬಿಚ್ಚಿ, ಅದರ ಒಳಗೆ ಕೈಹಾಕಲು ಬಿಡುತ್ತದಾ ಎಂದು ನೋಡಿ.

ಎಫ್‌ಎಂ ಅಂದರೆ ರೇಡಿಯೊ ಅಲ್ವಾ? ಸಂಗೀತಕ್ಕೂ ಅದಕ್ಕೂ ಏನು ಸಂಬಂಧ?

ತತ್ವ ಒಂದೇ. ಎಫ್‌ಎಂ ಅಂದರೆ ಫ್ರೀಕ್ವೆನ್ಸಿ ಮಾಡ್ಯುಲೇಶನ್, ಅಲೆಯ ಕಂಪನವನ್ನು ಏರಿಳಿಸುವುದು. ಹಾಸನ ಆಕಾಶವಾಣಿ ಕೇಳುವಾಗ ನಿಮ್ಮ ರೇಡಿಯೊ 88ರಿಂದ 108 ಮೆಗಾಹರ್ಟ್ಸ್ ನಡುವಿನ ಒಂದು ಅಲೆಯನ್ನು ಹಿಡಿಯುತ್ತದೆ. ಮಾತು, ಹಾಡು ಆ ಅಲೆಯ ಕಂಪನವನ್ನು ಚೂರು ಚೂರು ಏರಿಳಿಸುತ್ತವೆ. ಸಿಂಥ್‌ನಲ್ಲೂ ಒಂದು ಅಲೆ ಇನ್ನೊಂದನ್ನು ಏರಿಳಿಸುತ್ತದೆ. ಆದರೆ ಇಲ್ಲಿ ಎರಡೂ ಅಲೆಗಳು ಕಿವಿಗೆ ಕೇಳುವ ಮಟ್ಟದಲ್ಲೇ ಇರುತ್ತವೆ.

ಹಾಡು ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಸ್ವರವನ್ನು ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಕಂಪಿತ ಕೇಳುತ್ತದೆ. ಅದೇ ಅಲುಗಾಟವನ್ನು ಸೆಕೆಂಡಿಗೆ 50 ಸಲ, 200 ಸಲ ಮಾಡಿದರೆ? ಆಗ ಅಲುಗಾಟ ಬೇರೆಯಾಗಿ ಕೇಳುವುದಿಲ್ಲ. ಸ್ವರದ ಬಣ್ಣವೇ ಬದಲಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡದ್ದು ಇದನ್ನೇ. ಕಂಪ್ಯೂಟರ್‌ನಲ್ಲಿ ವೈಬ್ರಾಟೊದ (ಸ್ವರದ ಅಲುಗಾಟದ) ವೇಗ, ಆಳ ಎರಡನ್ನೂ ವಿಪರೀತಕ್ಕೆ ಏರಿಸಿ ನೋಡುತ್ತಿದ್ದಾಗ ಹೊಸ ದನಿ ಹುಟ್ಟಿತು. 1973ರಲ್ಲಿ ಅವರು ಇದನ್ನು ಲೇಖನವಾಗಿ ಬರೆದರು. ಜಪಾನಿನ ಯಮಹಾ ಕಂಪನಿ ವಿಶ್ವವಿದ್ಯಾಲಯದಿಂದ ಪರವಾನಗಿ ಪಡೆಯಿತು. 1983ರಲ್ಲಿ ಡಿಎಕ್ಸ್7 ಎಂಬ ಕೀಬೋರ್ಡ್ ಬಂತು. ಇಂದಿನ ಎಫ್‌ಎಂ ಆಪ್‌ಗಳಲ್ಲಿ ಬಹಳಷ್ಟು ಅದರ ದಾರಿಯಲ್ಲೇ ನಡೆಯುತ್ತವೆ.

ಈ ದನಿಯನ್ನು ನಾನು ಮೊದಲೇ ಕೇಳಿರಬಹುದಾ?

ಖಂಡಿತ ಕೇಳಿರುತ್ತೀರಿ. 80ರ ದಶಕದ ನಿಧಾನ ಪ್ರೇಮಗೀತೆಗಳಲ್ಲಿ ಗಾಜಿನಂತೆ ಮಿನುಗುವ ಎಲೆಕ್ಟ್ರಿಕ್ ಪಿಯಾನೊ ಇರುತ್ತದಲ್ಲ, ಅದು ಬಹುಪಾಲು ಎಫ್‌ಎಂ. ಯಮಹಾದ ಪಿಎಸ್‌ಎಸ್ ಸಾಲಿನ ಪುಟ್ಟ ಕೀಬೋರ್ಡ್‌ಗಳಲ್ಲಿ ಎಫ್‌ಎಂ ಚಿಪ್ ಇತ್ತು. ಹಳೆ ಕಂಪ್ಯೂಟರ್ ಆಟಗಳು ಆಡ್‌ಲಿಬ್, ಸೌಂಡ್ ಬ್ಲಾಸ್ಟರ್ ಕಾರ್ಡ್‌ಗಳ ಮೂಲಕ ಹಾಡುತ್ತಿದ್ದದ್ದು ಇದೇ ದನಿಯಲ್ಲಿ. 2000ದ ಆಚೀಚೆ ಪಾಲಿಫೋನಿಕ್ ರಿಂಗ್‌ಟೋನ್ ಫೋನ್‌ಗಳು ಬಂದವಲ್ಲ, ಅವುಗಳಲ್ಲಿ ಹಲವದರೊಳಗೆ ಯಮಹಾದ ಎಫ್‌ಎಂ ಚಿಪ್ ಇತ್ತು.

ಆಪರೇಟರ್, ಅಲ್ಗಾರಿದಮ್ ಅಂತ ಬರೆದಿರುತ್ತಾರೆ. ಅವೇನು?

ಆಪರೇಟರ್ ಅಂದರೆ ಒಂದು ಸರಳ ಅಲೆ. ಅದರ ಜೊತೆಗೆ ಅದು ಹೇಗೆ ಏರಿ ಹೇಗೆ ಇಳಿಯಬೇಕು ಎಂದು ಹೇಳುವ ಎನ್ವಲಪ್. ಕಿವಿಗೆ ನೇರ ಕೇಳಿಸುವ ಆಪರೇಟರ್‌ಗೆ ಕ್ಯಾರಿಯರ್ ಎಂದು ಹೆಸರು. ಹಿಂದೆ ನಿಂತು ಅದನ್ನು ಅಲುಗಿಸುವುದು ಮಾಡ್ಯುಲೇಟರ್. ಯಾವುದು ಯಾವುದನ್ನು ಅಲುಗಿಸಬೇಕು ಎಂಬ ನಕ್ಷೆಯೇ ಅಲ್ಗಾರಿದಮ್. ಡಿಎಕ್ಸ್7ನಲ್ಲಿ 6 ಆಪರೇಟರ್, 32 ಅಲ್ಗಾರಿದಮ್ ಇವೆ. 32ನೇ ಅಲ್ಗಾರಿದಮ್‌ನಲ್ಲಿ ಆರೂ ಕ್ಯಾರಿಯರ್‌ಗಳೇ, ಆರ್ಗನ್ ದನಿಗೆ ಚೆನ್ನ. 5ನೇ ಅಲ್ಗಾರಿದಮ್‌ನಲ್ಲಿ ಎರಡೆರಡರ ಮೂರು ಜೋಡಿ. ಎಲೆಕ್ಟ್ರಿಕ್ ಪಿಯಾನೊ ಅಲ್ಲಿ ಹುಟ್ಟುತ್ತದೆ.

ಇನ್ನೊಂದು ಮಾತು ರೇಷಿಯೊ. ಮಾಡ್ಯುಲೇಟರ್ ಕ್ಯಾರಿಯರ್‌ಗಿಂತ ಎಷ್ಟು ಪಟ್ಟು ವೇಗವಾಗಿ ಕಂಪಿಸುತ್ತದೆ ಎಂಬ ಲೆಕ್ಕ. ಕ್ಯಾರಿಯರ್ 1 ಇದ್ದು ಮಾಡ್ಯುಲೇಟರ್ 1, 2, 3 ಹೀಗೆ ಪೂರ್ಣ ಸಂಖ್ಯೆ ಇದ್ದರೆ ದನಿ ಶ್ರುತಿಗೆ ಕೂರುತ್ತದೆ. 1.4, 3.5 ಹೀಗೆ ನಡುವೆ ನಿಂತರೆ ಲೋಹದ ಗುಣ ಬರುತ್ತದೆ. ಮಾಡ್ಯುಲೇಟರ್‌ನ ಲೆವೆಲ್ ಏರಿಸಿದಷ್ಟೂ ದನಿ ಚುರುಕಾಗುತ್ತದೆ, ಇಳಿಸಿದಷ್ಟೂ ಮೆತ್ತಗಾಗುತ್ತದೆ. ಈ ಎರಡು ವಿಷಯ ಕೈಗೆ ಹತ್ತಿದರೆ ಮುಕ್ಕಾಲು ಎಫ್‌ಎಂ ಕಲಿತ ಹಾಗೆ.

ಹಾಗಾದರೆ ಆಪ್ ಆರಿಸುವಾಗ ಮೊದಲು ಏನು ನೋಡಬೇಕು?

ಎಡಿಟ್ ಪುಟದ ಚಿತ್ರ ನೋಡಿ. ಆಪ್ ಸ್ಟೋರ್‌ನಲ್ಲಿ ಪ್ರತಿ ಆಪ್‌ಗೂ ಸ್ಕ್ರೀನ್‌ಶಾಟ್ ಹಾಕಿರುತ್ತಾರೆ. ಅದರಲ್ಲಿ ಆಪರೇಟರ್‌ಗಳು ಒಟ್ಟಿಗೆ ಕಾಣುತ್ತವಾ? ಪ್ರತಿಯೊಂದರ ರೇಷಿಯೊ, ಲೆವೆಲ್, ಎನ್ವಲಪ್ ಬೆರಳಿಗೆ ನೇರ ಸಿಗುತ್ತದಾ? ಅಲ್ಗಾರಿದಮ್‌ನ ನಕ್ಷೆ ಇದೆಯಾ? ಇದು ಯಾಕೆ ಮುಖ್ಯ ಅಂದರೆ, ಡಿಎಕ್ಸ್7 ಯಂತ್ರದ ದೊಡ್ಡ ಕಷ್ಟವೇ ಇದಾಗಿತ್ತು. ಎರಡು ಸಾಲಿನ ಸಣ್ಣ ಡಿಸ್‌ಪ್ಲೇ, ಒಂದು ಸಲಕ್ಕೆ ಒಂದೇ ಅಂಕಿ, ಒಂದೇ ಸ್ಲೈಡರ್. ತುಂಬ ಜನ ಕಾರ್ಖಾನೆಯಿಂದ ಬಂದ ಟೋನ್‌ಗಳನ್ನೇ ನುಡಿಸಿ ಸುಮ್ಮನಾದರು. ಟ್ಯಾಬ್ಲೆಟ್‌ನ ಅಗಲ ಪರದೆ ಆ ಕಷ್ಟವನ್ನು ಕಳೆಯಬಲ್ಲದು. ಆ ಪರದೆ ಇದ್ದೂ ಬರೀ ಟೋನ್‌ಗಳ ಪಟ್ಟಿ ತೋರಿಸುವ ಆಪ್‌ಗೆ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು ಎಯುವಿ3. 2015ರಲ್ಲಿ ಐಪ್ಯಾಡ್, ಐಫೋನ್‌ಗಳ ಐಒಎಸ್ 9ರ ಜೊತೆ ಬಂದ ವ್ಯವಸ್ಥೆ ಇದು. ಒಂದು ಸಿಂಥ್ ಆಪ್ ಇನ್ನೊಂದು ರೆಕಾರ್ಡಿಂಗ್ ಆಪ್‌ನ ಒಳಗೇ ತೆರೆದುಕೊಳ್ಳುತ್ತದೆ. ಇದಿದ್ದರೆ ಒಂದೇ ಹಾಡಿನಲ್ಲಿ ಅದೇ ಸಿಂಥ್‌ನ ಮೂರು ನಾಲ್ಕು ಪ್ರತಿ ಬಳಸಬಹುದು: ಒಂದರಲ್ಲಿ ಬೇಸ್, ಒಂದರಲ್ಲಿ ಪಿಯಾನೊ, ಒಂದರಲ್ಲಿ ಗಂಟೆ. ಹಾಡು ಸೇವ್ ಮಾಡಿದರೆ ಟೋನ್ ಸೆಟ್ಟಿಂಗ್ ಕೂಡ ಸೇವ್ ಆಗುತ್ತದೆ. ಹಳೆಯ ಇಂಟರ್ ಆಪ್ ಆಡಿಯೊ ಪದ್ಧತಿಯನ್ನು ಆಪಲ್ 2019ರಲ್ಲಿ ಐಒಎಸ್ 13ರ ಹೊತ್ತಿಗೆ ಹಿಂದಕ್ಕೆ ಸರಿಸಿದೆ. ಅದನ್ನು ಮಾತ್ರ ನಂಬಿರುವ ಆಪ್ ಈಗ ಬೇಡ.

ಮೂರನೆಯದು ಡಿಎಕ್ಸ್7ನ ಫೈಲುಗಳನ್ನು ಓದುವ ಶಕ್ತಿ. ಅದರ ಬಗ್ಗೆ ಕೆಳಗೆ ಬೇರೆ ಬರೆದಿದ್ದೇನೆ.

ನಾಲ್ಕು ಆಪರೇಟರ್ ಸಾಕಾ, ಆರೇ ಬೇಕಾ?

ಕಲಿಯಲು ನಾಲ್ಕು ಸಾಕು, ಕೆಲವೊಮ್ಮೆ ನಾಲ್ಕೇ ಚೆಂದ. ಯಮಹಾದ್ದೇ ಡಿಎಕ್ಸ್100, ಟಿಎಕ್ಸ್81ಝಡ್ ಯಂತ್ರಗಳಲ್ಲಿ ನಾಲ್ಕೇ ಆಪರೇಟರ್. ಟಿಎಕ್ಸ್81ಝಡ್‌ನ ಬೇಸ್ ಟೋನ್ ಇಂದಿಗೂ ಡಾನ್ಸ್ ಸಂಗೀತದಲ್ಲಿ ಕೇಳುತ್ತದೆ. ಅದರಲ್ಲಿ ಸರಳ ಅಲೆಯ ಜೊತೆಗೆ ಇನ್ನೂ ಏಳು ಬಗೆಯ ಅಲೆಗಳಿದ್ದವು, ಹಾಗಾಗಿ ನಾಲ್ಕರಲ್ಲೂ ದನಿ ತುಂಬಿ ಬರುತ್ತಿತ್ತು. ಹಳೆ ಡಿಎಕ್ಸ್7 ಟೋನ್‌ಗಳನ್ನು ಹಾಗೇ ತರಬೇಕು ಅನ್ನುವವರಿಗೆ ಮಾತ್ರ ಆರು ಕಡ್ಡಾಯ.

ಐಪ್ಯಾಡ್ ಇದೆ. ಆಪ್‌ಗಳ ಹೆಸರು ಹೇಳಿ.

ನನ್ನ ಮೊದಲ ಸಲಹೆ ಕೆಕ್ಯೂ ಡಿಕ್ಸಿ. ಆರು ಆಪರೇಟರ್, ಡಿಎಕ್ಸ್7 ಫೈಲು ಓದುತ್ತದೆ, ಎಯುವಿ3 ಇದೆ. ಮೇಲೆ ಹೇಳಿದ ಮೂರೂ ಒಂದೇ ಕಡೆ ಸಿಗುತ್ತವೆ. ಮೊದಲ ಸಲ ನೋಡಿದಾಗ ಅಂಕಿಗಳು ಜಾಸ್ತಿ ಅನ್ನಿಸಬಹುದು, ಹೆದರಬೇಡಿ. ಒಂದು ಆಪರೇಟರ್ ಅರ್ಥವಾದರೆ ಉಳಿದ ಐದೂ ಅದರ ಪಡಿಯಚ್ಚು.

ನಾಲ್ಕು ಆಪರೇಟರ್ ಸಾಕು ಅನ್ನುವವರಿಗೆ ಪ್ರೈಮಲ್ ಆಡಿಯೊದ ಎಫ್‌ಎಂ4. ಇದೂ ಎಯುವಿ3. ಶುರು ಮಾಡುವ ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ.

ದುಡ್ಡೇ ಹಾಕದೆ ರುಚಿ ನೋಡಬೇಕಾ? ಆಡಿಯೊಕಿಟ್‌ನ ಸಿಂಥ್ ಒನ್ ಉಚಿತ, ಅದರ ಸೋರ್ಸ್ ಕೋಡ್ ಕೂಡ ಮುಕ್ತ. ಅದು ಮುಖ್ಯವಾಗಿ ಅನಲಾಗ್ ಶೈಲಿಯ ಸಿಂಥ್. ಆದರೆ ಒಳಗೆ ಒಂದು ಪುಟ್ಟ ಎಫ್‌ಎಂ ಜೋಡಿ ಇದೆ. ಮಾಡ್ಯುಲೇಶನ್ ಏರಿಸಿದರೆ ದನಿ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಅಷ್ಟು ಸಾಕು. ಡ್ರಮ್ ಬೇಕಾದವರು ರೂಯಿಸ್‌ಮೇಕರ್ ಎಫ್‌ಎಂ ನೋಡಬಹುದು. ಅದು ತಾಳವಾದ್ಯದ ದನಿಗಳನ್ನು ಎಫ್‌ಎಂನಲ್ಲಿ ಹುಟ್ಟಿಸುತ್ತದೆ.

ಸಿಂಕ್ಲಾವಿಯರ್ ಗೋ ಎಂಬುದೂ ಇದೆ. ಸಿಂಕ್ಲಾವಿಯರ್ ಎಂಬ ಹಳೆಯ, ಬಲು ದುಬಾರಿ ಅಮೆರಿಕನ್ ಯಂತ್ರದ ದನಿ ಅದರಲ್ಲಿದೆ. ಚೆನ್ನಾಗಿದೆ, ಆದರೆ ಮೊದಲ ಆಪ್ ಆಗಿ ಬೇಡ. ಅದರ ರೀತಿಯೇ ಬೇರೆ, ಡಿಎಕ್ಸ್7 ಬಗ್ಗೆ ಓದಿದ ಪಾಠಗಳು ಅಲ್ಲಿ ನೇರವಾಗಿ ಹೊಂದುವುದಿಲ್ಲ.

ಆಡಿಯೊಕಿಟ್ ಎಫ್‌ಎಂ ಪ್ಲೇಯರ್ ಅಂತ ಇದೆಯಲ್ಲ, ಅದು ಬೇಡವಾ?

ದನಿ ಚೆನ್ನಾಗಿದೆ, ಸ್ಟೇಜಿನಲ್ಲಿ ನೇರ ನುಡಿಸಲು ಒಳ್ಳೆಯದು. ಆದರೆ ಅದು ಎಫ್‌ಎಂ ದನಿಗಳನ್ನು ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಂಡಿರುವ ಸ್ಯಾಂಪಲ್ ಆಪ್. ಒಳಗೆ ಆಪರೇಟರ್ ಇಲ್ಲ, ಬಿಚ್ಚಿ ನೋಡಲು ಏನೂ ಇಲ್ಲ. ನುಡಿಸುವುದಷ್ಟೇ ಕೆಲಸ ಅನ್ನುವವರು ತೆಗೆದುಕೊಳ್ಳಿ. ದನಿ ಕಟ್ಟಲು ಕಲಿಯಬೇಕು ಅನ್ನುವವರು ಇದರಿಂದ ಶುರು ಮಾಡಬೇಡಿ. ಗುರುತು ಹಿಡಿಯುವ ಸುಲಭ ದಾರಿ ಒಂದಿದೆ. ನಿಜವಾದ ಎಫ್‌ಎಂ ಆಪ್ ದನಿಯನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ, ಹಾಗಾಗಿ ಸಾಮಾನ್ಯವಾಗಿ ಚಿಕ್ಕದು. ಸ್ಯಾಂಪಲ್ ಆಪ್ ನೂರಾರು ಎಂಬಿ ನುಂಗುತ್ತದೆ.

ನನ್ನದು ಆಂಡ್ರಾಯ್ಡ್ ಟ್ಯಾಬ್. ದಾರಿ ಇದೆಯಾ?

ಇದೆ, ಆದರೆ ಕಿರಿದು. ಡಿಎಕ್ಸ್7 ಮಾದರಿಯ ಮುಕ್ತ ಸಿಂಥ್ ಒಂದನ್ನು ಆಂಡ್ರಾಯ್ಡ್‌ಗೆಂದೇ ಗೂಗಲ್‌ನ ಎಂಜಿನಿಯರ್ ರಾಫ್ ಲೆವಿಯನ್ ಬರೆದಿದ್ದರು. ಆ ಎಂಜಿನ್ ಮೇಲೆಯೇ ಕಂಪ್ಯೂಟರ್‌ನ ಡೆಕ್ಸೆಡ್ ಎಂಬ ಉಚಿತ ಸಿಂಥ್ ನಿಂತಿದೆ. ಇಷ್ಟಾದರೂ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಎಫ್‌ಎಂ ಆಪ್‌ಗಳು ಐಪ್ಯಾಡಿನಷ್ಟು ಬೆಳೆಯಲಿಲ್ಲ. ಸಿನ್‌ಪ್ರೆಝ್ ಎಫ್‌ಎಂ ಎಂಬ ಆರು ಆಪರೇಟರ್ ಆಪ್, ಕಾಸ್ಟಿಕ್ ಎಂಬ ಹಾಡು ಕಟ್ಟುವ ಆಪ್‌ನ ಒಳಗಿನ ಎಫ್‌ಎಂ ಯಂತ್ರ, ಇವು ಆಂಡ್ರಾಯ್ಡ್ ಬಳಗದಲ್ಲಿ ಹಳೆಯ ಹೆಸರುಗಳು. ಹಾಕಿಕೊಳ್ಳುವ ಮೊದಲು ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ, ನಿಮ್ಮ ಆಂಡ್ರಾಯ್ಡ್ ಆವೃತ್ತಿಗೆ ಒಪ್ಪುತ್ತದಾ ನೋಡಿ.

ಮಿಡಿ ಕೀಬೋರ್ಡ್ (ಯಾವ ಮನೆ ಒತ್ತಿದಿರಿ ಎಂಬ ಸೂಚನೆಯನ್ನು ಟ್ಯಾಬ್‌ಗೆ ಕಳಿಸುವ ಕೀಬೋರ್ಡ್) ಜೋಡಿಸಲು ಆಂಡ್ರಾಯ್ಡ್ 6 ಅಥವಾ ಅದರ ಮುಂದಿನದು ಬೇಕು. ದನಿ ತಡವಾಗದಿರಲು ಆಂಡ್ರಾಯ್ಡ್ 8ರಲ್ಲಿ ಬಂದ ಆಡಿಯೊ ವ್ಯವಸ್ಥೆ ಒಳ್ಳೆಯದು. ಅಷ್ಟಾದರೂ ಟ್ಯಾಬ್‌ನಿಂದ ಟ್ಯಾಬ್‌ಗೆ ತಡ ಬದಲಾಗುತ್ತದೆ.

ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇದ್ದರೆ ಆಂಡ್ರಾಯ್ಡ್‌ನವರಿಗೆ ನನ್ನ ಸಲಹೆ ನೇರ: ಎಫ್‌ಎಂ ಕಲಿಯಲು ಲ್ಯಾಪ್‌ಟಾಪ್‌ನಲ್ಲಿ ಡೆಕ್ಸೆಡ್ ಹಾಕಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಉಚಿತವಾಗಿ ಸಿಗುತ್ತದೆ. ಎಫ್‌ಎಂಗೋಸ್ಕರವೇ ಹೊಸ ಐಪ್ಯಾಡ್‌ಗೆ ಸಾಲ ಮಾಡುವ ಅಗತ್ಯ ಖಂಡಿತ ಇಲ್ಲ.

ಡಿಎಕ್ಸ್7 ಫೈಲು ಅಂದಿರಿ. ಎಲ್ಲಿಂದ ತರುವುದು, ಹೇಗೆ ಹಾಕುವುದು?

40 ವರ್ಷಗಳಿಂದ ಜಗತ್ತಿನ ನುಡಿಸುವವರು ಕಟ್ಟಿದ ಸಾವಿರಾರು ಟೋನ್‌ಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇವೆ. ಫೈಲಿನ ಹೆಸರಿನ ಕೊನೆಗೆ ಎಸ್‌ವೈಎಕ್ಸ್ ಎಂದಿರುತ್ತದೆ. ಒಂದು ಫೈಲಿನಲ್ಲಿ 32 ಟೋನ್. ಅದರ ಗಾತ್ರ ಸರಿಯಾಗಿ 4104 ಬೈಟ್ ಇರಬೇಕು. ಇಳಿಸಿಕೊಂಡ ಫೈಲು ಆಪ್‌ನಲ್ಲಿ ತೆರೆಯದಿದ್ದರೆ ಮೊದಲು ಗಾತ್ರ ನೋಡಿ. 163 ಬೈಟ್ ಇದ್ದರೆ ಅದು ಒಂದೇ ಟೋನ್‌ನ ಫೈಲು. ಬೇರೆ ಏನೋ ಗಾತ್ರ ಇದ್ದರೆ ಅದು ಬೇರೆ ಯಂತ್ರದ್ದಿರಬಹುದು. ನಾಲ್ಕು ಆಪರೇಟರ್ ಯಂತ್ರಗಳ ಫೈಲು ಆರರದ್ದಕ್ಕೆ ಹೊಂದುವುದಿಲ್ಲ.

ಜಿಪ್ ಫೈಲನ್ನು ಐಪ್ಯಾಡ್‌ನ ಫೈಲ್ಸ್ ಆಪ್‌ನಲ್ಲಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಸಿಂಥ್ ಆಪ್‌ನ ಇಂಪೋರ್ಟ್ ಗುಂಡಿ.

ಇಲ್ಲಿ ಒಂದು ಕಿವಿಮಾತು. ನೂರಾರು ಬ್ಯಾಂಕ್ (32 ಟೋನ್‌ಗಳ ಫೈಲು) ತುಂಬಿಕೊಂಡು ಇಡೀ ಸಂಜೆ ಟೋನ್ ಬದಲಾಯಿಸುತ್ತಾ ಕೂರಬೇಡಿ. ಒಂದು ಬ್ಯಾಂಕ್ ಹಾಕಿ. ಇಷ್ಟವಾದ ಟೋನ್ ಒಂದನ್ನು ತೆರೆಯಿರಿ. ಒಂದೊಂದೇ ಆಪರೇಟರ್ ಆಫ್ ಮಾಡಿ ಕೇಳಿ. ಯಾವುದು ಆಫ್ ಆದಾಗ ಮಿನುಗು ಹೋಯಿತು, ಯಾವುದು ಆಫ್ ಆದಾಗ ಮೈಯೇ ಹೋಯಿತು ಎಂದು ಗುರುತು ಮಾಡಿಕೊಳ್ಳಿ. ಎಫ್‌ಎಂ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ದೇವಸ್ಥಾನದ ಗಂಟೆಯಂಥ ದನಿ ಮಾಡಬಹುದಾ?

ಎಫ್‌ಎಂಗೆ ಇದು ಹೇಳಿ ಮಾಡಿಸಿದ ಕೆಲಸ. ಭಜನೆ ಹಾಡು ಮಾಡುವವರು ಎಲ್ಲರೂ ಇದನ್ನು ಕೇಳುತ್ತಾರೆ, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಆರು ಆಪರೇಟರ್ ಆಪ್‌ನಲ್ಲಿ ಇನಿಟ್ ವಾಯ್ಸ್ ತೆರೆಯಿರಿ, ಅಂದರೆ ಖಾಲಿ ಟೋನ್. ಒಂದು ಸಪ್ಪೆ ಸೀಟಿಯ ದನಿ ಕೇಳುತ್ತದೆ. ಅದು 1ನೇ ಆಪರೇಟರ್. ಖಾಲಿ ಟೋನ್‌ನಲ್ಲಿ ಇರುವುದು 1ನೇ ಅಲ್ಗಾರಿದಮ್, ಅದರಲ್ಲಿ 2ನೇ ಆಪರೇಟರ್ 1ನೆಯದನ್ನು ಅಲುಗಿಸುತ್ತದೆ. ಈಗ 2ನೆಯದರ ಲೆವೆಲ್ ನಿಧಾನವಾಗಿ ಸೊನ್ನೆಯಿಂದ ಮೇಲೆ ತನ್ನಿ. ದನಿ ಚುರುಕಾಗುತ್ತಾ ಹೋಗುತ್ತದೆ. ಈಗ 2ನೆಯದರ ರೇಷಿಯೊವನ್ನು 1.40ಕ್ಕೆ ತನ್ನಿ: ಕೋರ್ಸ್ 1, ಫೈನ್ 40. ಕೂಡಲೇ ಲೋಹ ಬಡಿದ ಗುಣ ಬರುತ್ತದೆ.

ಇನ್ನು ಎನ್ವಲಪ್. ಎರಡೂ ಆಪರೇಟರ್ ತಟ್ಟನೆ ಏರಬೇಕು, ನಿಧಾನವಾಗಿ ಇಳಿದು ಸೊನ್ನೆಗೆ ಹೋಗಬೇಕು. ಬೆರಳು ಎತ್ತಿದ ಮೇಲೂ ದನಿ ಉಳಿಯಬೇಕು, ಅದಕ್ಕೆ ಕೊನೆಯ ರೇಟ್ (ಇಳಿಯುವ ವೇಗ) ಕಡಿಮೆ ಇಡಿ. ಗುಟ್ಟು ಇರುವುದು ಇಲ್ಲಿ: ಮಾಡ್ಯುಲೇಟರ್ ಕ್ಯಾರಿಯರ್‌ಗಿಂತ ಸ್ವಲ್ಪ ಬೇಗ ಇಳಿಯಲಿ. ಆಗ ಹೊಡೆದ ಕ್ಷಣ ಗದ್ದಲದ ಲೋಹ, ಆಮೇಲೆ ಮೆತ್ತಗಾಗುತ್ತಾ ಒಂದೇ ಸ್ವರ ಉಳಿಯುತ್ತದೆ. ನಿಜವಾದ ಗಂಟೆಯೂ ಹಾಗೇ ಅಲ್ವಾ? ಚೌನಿಂಗ್ ತಮ್ಮ 1973ರ ಲೇಖನದಲ್ಲಿ ಗಂಟೆಗೆ ಕೊಟ್ಟ ಲೆಕ್ಕವೂ ಇದೇ: ಕ್ಯಾರಿಯರ್ 200 ಹರ್ಟ್ಸ್, ಮಾಡ್ಯುಲೇಟರ್ 280 ಹರ್ಟ್ಸ್, ಉದ್ದ 15 ಸೆಕೆಂಡ್.

ದೊಡ್ಡ ಗಂಟೆ ಬೇಕಾದರೆ ಕೆಳಗಿನ ಆಕ್ಟೇವ್‌ನಲ್ಲಿ ನುಡಿಸಿ. ಮಂಗಳಾರತಿ ಹೊತ್ತಿನ ಕೈಗಂಟೆ ಬೇಕಾದರೆ ಎರಡು ಆಕ್ಟೇವ್ ಮೇಲೆ ಹೋಗಿ ಇಳಿಕೆಯನ್ನು ಚಿಕ್ಕದು ಮಾಡಿ. ರೇಷಿಯೊವನ್ನು 1.40ರಿಂದ 1.41, 2.76, 3.5 ಹೀಗೆ ಬದಲಾಯಿಸುತ್ತಾ ಹೋದರೆ ಬೇರೆ ಬೇರೆ ಲೋಹ ಸಿಗುತ್ತದೆ. ಆಮೇಲೆ ಮಾಡ್ಯುಲೇಟರ್ ರೇಷಿಯೊವನ್ನು 14ಕ್ಕೆ ಏರಿಸಿ ಲೆವೆಲ್ ಇಳಿಸಿ ನೋಡಿ. ಡಿಎಕ್ಸ್7 ಎಲೆಕ್ಟ್ರಿಕ್ ಪಿಯಾನೊದ ಆ ಟಿಣ್ ಅನ್ನುವ ಮಿನುಗು ಅಲ್ಲಿದೆ.

ಗಮಕ ಬರುತ್ತದಾ? ರಾಗ ನುಡಿಸಬೇಕು.

ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣ ನಮ್ಮ ಹಾಸನ ಜಿಲ್ಲೆಯದೇ. ಇಲ್ಲಿ ಕೀಬೋರ್ಡ್ ಮುಟ್ಟುವ ಅರ್ಧ ಮಕ್ಕಳು ಸ್ವಲ್ಪವಾದರೂ ಕರ್ನಾಟಕ ಸಂಗೀತ ಕಲಿತಿರುತ್ತಾರೆ. ಹಾಗಾಗಿ ಈ ಪ್ರಶ್ನೆಯನ್ನು ಸುಮ್ನೆ ದಾಟುವ ಹಾಗಿಲ್ಲ.

ಸಿಂಥ್‌ಗೆ ಜಾರುವುದು ಬರುತ್ತದೆ. ಆದರೆ ಪರದೆ ಮೇಲಿನ ಪಿಯಾನೊ ಮನೆಗಳಿಗೆ ಬರುವುದಿಲ್ಲ. ಮೊದಲು ಪಿಚ್ ಬೆಂಡ್ ರೇಂಜ್ ನೋಡಿ, ಅಂದರೆ ಸ್ವರವನ್ನು ಎಷ್ಟು ದೂರ ಜಾರಿಸಬಹುದು ಎಂಬ ಅಂಕಿ. ಸಾಮಾನ್ಯವಾಗಿ ಎರಡು ಸೆಮಿಟೋನ್ ಇರುತ್ತದೆ, ಅಂದರೆ ಸ ಇಂದ ಚತುಶ್ರುತಿ ರಿಷಭದವರೆಗೆ. ಸಣ್ಣ ಕಂಪಿತಕ್ಕೆ ಸಾಕು, ದೊಡ್ಡ ಜಾರಿಗೆ ಸಾಲದು. ಡಿಎಕ್ಸ್7 ಮಾದರಿ ಆಪ್‌ಗಳಲ್ಲಿ ಅದನ್ನು 12ರವರೆಗೆ ಏರಿಸಬಹುದು. ಜೊತೆಗೆ ಟೋನನ್ನು ಮೋನೊ (ಒಂದು ಸಲಕ್ಕೆ ಒಂದೇ ಸ್ವರ) ಮಾಡಿಕೊಳ್ಳಿ.

ಜಿಯೊಶ್ರೆಡ್ ಎಂಬ ಐಪ್ಯಾಡ್ ಆಪ್ ಇದೆ. ಅದರ ಪರದೆ ಮೇಲೆ ಬೆರಳನ್ನು ವೀಣೆಯ ತಂತಿಯ ಮೇಲಿನಂತೆ ಜಾರಿಸಬಹುದು. ಅದರಲ್ಲಿ ಕರ್ನಾಟಕ ಸಂಗೀತ ಕಛೇರಿ ಮಟ್ಟದಲ್ಲಿ ನುಡಿಸುವವರು ಇದ್ದಾರೆ. ಅದು ಎಫ್‌ಎಂ ಅಲ್ಲ, ಆದರೆ ಅದರಿಂದ ಮಿಡಿ ಹೊರಗೆ ಕಳಿಸಿ ಎಫ್‌ಎಂ ಸಿಂಥನ್ನು ಹಾಡಿಸಬಹುದು. ಎರಡೂ ಕಡೆ ಬೆಂಡ್ ರೇಂಜ್ ಒಂದೇ ಅಂಕಿ ಇರಬೇಕು. ಇಲ್ಲದಿದ್ದರೆ ಸ್ವರ ತಪ್ಪುತ್ತದೆ. ಗಮಕ ಮುಖ್ಯ ಅನ್ನುವವರು ಸಿಂಥ್ ಆಪ್‌ಗಿಂತ ಮೊದಲು ಇದಕ್ಕೆ ದುಡ್ಡು ಎತ್ತಿಡಿ ಎಂದೇ ಹೇಳುತ್ತೇನೆ.

ಹಾಡುವವರ ಶ್ರುತಿ ಸಿ ಶಾರ್ಪ್ ಇದ್ದರೆ ಟ್ರಾನ್ಸ್‌ಪೋಸ್ 1 ಇಟ್ಟು ಸಿ ಮನೆಯಿಂದ ನುಡಿಸಿ. ತಂಬೂರಿಗೆ ಎಫ್‌ಎಂ ಬೇಡ. ಜೀವಾಳದ ಆ ಝೇಂಕಾರ ಇದರಲ್ಲಿ ಒಗ್ಗುವುದಿಲ್ಲ. ತಂಬೂರಿ ಆಪ್ ಬೇರೆ ಇಟ್ಟುಕೊಳ್ಳಿ. ಮದುವೆಮನೆ ವಾಲಗದ ದನಿಯನ್ನೂ ಎಫ್‌ಎಂನಲ್ಲಿ ಹುಡುಕಬೇಡಿ. ರೇಷಿಯೊ 1ಕ್ಕೆ 1 ಇಟ್ಟು ಫೀಡ್‌ಬ್ಯಾಕ್ (ಆಪರೇಟರ್ ತನ್ನನ್ನೇ ಅಲುಗಿಸುವುದು) ಏರಿಸಿದರೆ ಪೀಪಿಯ ಕಟುತನ ಹತ್ತಿರ ಬರುತ್ತದೆ, ಆದರೆ ಉಸಿರು ಬರುವುದಿಲ್ಲ.

ಪರದೆ ಮೇಲೇ ನುಡಿಸಿದರೆ ಸಾಲದಾ? ಮಿಡಿ ಕೀಬೋರ್ಡ್ ಬೇಕೇ ಬೇಕಾ?

ಎಫ್‌ಎಂಗೆ ಬೇಕು. ಮೆತ್ತಗೆ ಒತ್ತಿದರೆ ಮೆತ್ತಗಿನ ದನಿ, ಜೋರಾಗಿ ಹೊಡೆದರೆ ಚುರುಕು ದನಿ, ಇದೇ ಡಿಎಕ್ಸ್7ನ ಜೀವ. ಹೊಡೆತದ ಜೋರು ಮಾಡ್ಯುಲೇಟರ್ ಲೆವೆಲ್ಲನ್ನು ಬದಲಾಯಿಸುತ್ತದೆ, ಹಾಗಾಗಿ ಸದ್ದಿನ ಜೊತೆ ಬಣ್ಣವೂ ಬದಲಾಗುತ್ತದೆ. ಗಾಜಿನ ಪರದೆಗೆ ಹೊಡೆತದ ಜೋರು ಸರಿಯಾಗಿ ತಿಳಿಯುವುದಿಲ್ಲ. ಎಲ್ಲ ಸ್ವರವೂ ಒಂದೇ ಬಣ್ಣದಲ್ಲಿ ಬಂದು ಎಫ್‌ಎಂ ಪ್ಲಾಸ್ಟಿಕ್ ಅನ್ನಿಸುತ್ತದೆ. ಎಫ್‌ಎಂ ಚೆನ್ನಾಗಿಲ್ಲ ಅನ್ನುವ ಎಷ್ಟೋ ಜನ ಅದನ್ನು ಗಾಜಿನ ಮೇಲೆ ಮಾತ್ರ ನುಡಿಸಿರುತ್ತಾರೆ.

25 ಮನೆಯ ಸಣ್ಣ ಕೀಬೋರ್ಡ್ ಸಾಕು, ವೆಲಾಸಿಟಿ (ಹೊಡೆತದ ಜೋರು ಗುರುತಿಸುವ ಗುಣ) ಇರಬೇಕು ಅಷ್ಟೆ. ಮನೆಯ ಹಳೆ ಕೀಬೋರ್ಡ್‌ನಲ್ಲಿ ಯುಎಸ್‌ಬಿ ಮಿಡಿ ಇದ್ದರೆ ಅದೇ ಆಯಿತು, ಹೊಸದು ಬೇಡ. ಟೈಪ್ ಸಿ ಐಪ್ಯಾಡ್‌ಗೆ ನೇರ ಕೇಬಲ್ ಹಾಕಬಹುದು. ಲೈಟ್ನಿಂಗ್ ಐಪ್ಯಾಡ್‌ಗೆ ಆಪಲ್‌ನ ಕ್ಯಾಮೆರಾ ಅಡಾಪ್ಟರ್ ಬೇಕು. ಚಾರ್ಜಿಂಗ್ ತೂತು ಕೂಡ ಇರುವ ಅಡಾಪ್ಟರ್ ಕೊಳ್ಳಿ, ಕೆಲವು ಕೀಬೋರ್ಡ್ ಐಪ್ಯಾಡ್ ಕೊಡುವ ಕರೆಂಟಿನಲ್ಲಿ ಓಡುವುದಿಲ್ಲ.

ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ದನಿ ತಡವಾಗಿ ಬರುತ್ತದೆ. ಯಾಕೆ?

ಬ್ಲೂಟೂತ್ ದನಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ, ಕೆಲವೊಮ್ಮೆ ಇನ್ನೂ ಹೆಚ್ಚು. ಅದರಲ್ಲಿ ತಾಳ ಹಿಡಿಯುವುದು ಆಗದ ಮಾತು. ತಂತಿ ಇರುವ ಇಯರ್‌ಫೋನ್ ಬಳಸಿ. ಆಪ್‌ನಲ್ಲಿ ಬಫರ್ ಎಂಬ ಅಂಕಿ (ಒಂದು ಸಲಕ್ಕೆ ಎಷ್ಟು ದನಿ ಲೆಕ್ಕ ಹಾಕಿ ಇಟ್ಟುಕೊಳ್ಳಬೇಕು ಎಂಬುದು) ಇದ್ದರೆ 256 ಇಡಿ. 48,000 ಹರ್ಟ್ಸ್‌ನಲ್ಲಿ ಅದು ಸುಮಾರು 5.3 ಮಿಲಿಸೆಕೆಂಡ್ ಆಗುತ್ತದೆ. ಸ್ಪೀಕರ್‌ನಿಂದ ಎರಡು ಮೀಟರ್ ದೂರ ನಿಂತರೆ ದನಿ ಗಾಳಿಯಲ್ಲಿ ಬರಲು ಅಷ್ಟೇ ಹೊತ್ತು ಹಿಡಿಯುತ್ತದೆ, ಕಿವಿಗೆ ಗೊತ್ತೇ ಆಗುವುದಿಲ್ಲ. ಪಟ್ ಪಟ್ ಎಂದು ಒಡೆದರೆ 512ಕ್ಕೆ ಏರಿಸಿ.

ಹಾಡು ರೆಕಾರ್ಡ್ ಮಾಡಲು ಇನ್ನೊಂದು ಆಪ್ ಕೊಳ್ಳಬೇಕಾ?

ಬೇಡ. ಐಪ್ಯಾಡ್‌ಗೆ ಗ್ಯಾರೇಜ್‌ಬ್ಯಾಂಡ್ ಉಚಿತ, ಎಯುವಿ3 ಸಿಂಥ್‌ಗಳನ್ನು ಒಳಗೆ ಕರೆದುಕೊಳ್ಳುತ್ತದೆ. ಸ್ಟೇಜಿನಲ್ಲಿ ಎರಡು ಮೂರು ಸಿಂಥ್ ಜೋಡಿಸಿ ನುಡಿಸುವವರಿಗೆ ಎಯುಎಂ ಎಂಬ ಆಪ್ ಚೆನ್ನ. ಕ್ಯೂಬೇಸಿಸ್ 3 ಎಂಬ ರೆಕಾರ್ಡಿಂಗ್ ಆಪ್ ಐಪ್ಯಾಡ್, ಆಂಡ್ರಾಯ್ಡ್ ಎರಡರಲ್ಲೂ ಇದೆ.

ಸೆಕೆಂಡ್ ಹ್ಯಾಂಡ್ ಐಪ್ಯಾಡ್ ಸಿಗುತ್ತಿದೆ. ತಗೊಳ್ಳಲಾ?

ಎಫ್‌ಎಂ ಹಗುರ ಕೆಲಸ, ಹಳೆ ಐಪ್ಯಾಡ್ ಕೂಡ ಎಳೆಯುತ್ತದೆ. ಅಡ್ಡ ಬರುವುದು ಐಒಎಸ್ ಆವೃತ್ತಿ. ನಾಲ್ಕನೇ ಪೀಳಿಗೆಯ ಐಪ್ಯಾಡ್ ಐಒಎಸ್ 10ಕ್ಕೇ ನಿಂತಿದೆ. ಮೊದಲ ಐಪ್ಯಾಡ್ ಏರ್, ಮಿನಿ 2 ಐಒಎಸ್ 12ಕ್ಕೆ ನಿಂತಿವೆ. ಇವುಗಳಿಗೆ ಹೊಸ ಆಪ್ ಇಳಿಯುವುದೇ ಕಷ್ಟ. ದುಡ್ಡು ಕೊಡುವ ಮೊದಲು ಸೆಟ್ಟಿಂಗ್ಸ್ ತೆರೆದು ಆವೃತ್ತಿ ನೋಡಿ. ಆಪ್ ಸ್ಟೋರ್‌ನಲ್ಲಿ ನಿಮಗೆ ಬೇಕಾದ ಸಿಂಥ್ ಯಾವ ಆವೃತ್ತಿ ಕೇಳುತ್ತದೆ ಎಂದು ಹೋಲಿಸಿ. ಹಳೆಯ ಮಾಲೀಕರ ಆಪಲ್ ಐಡಿ ತೆಗೆದಿದ್ದಾರಾ ಎಂದೂ ನೋಡಿ. ಒಂಬತ್ತನೇ ಪೀಳಿಗೆಯ ಐಪ್ಯಾಡ್‌ನಲ್ಲಿ ಇಯರ್‌ಫೋನ್ ತೂತು ಇದೆ, ಹತ್ತನೆಯದರಲ್ಲಿ ಇಲ್ಲ. ಸಂಗೀತಕ್ಕೆ ಆ ತೂತು ದೊಡ್ಡ ಅನುಕೂಲ.

ತೋಟದ ಮನೆ. ನೆಟ್‌ವರ್ಕ್ ಇಲ್ಲ, ಮಳೆಗಾಲದಲ್ಲಿ ಕರೆಂಟೂ ಇಲ್ಲ. ಇದೆಲ್ಲ ನಡೆಯುತ್ತದಾ?

ಮೂಡಿಗೆರೆ, ಸಕಲೇಶಪುರದ ಕಡೆಯವರು ಇದನ್ನು ಕೇಳಿಯೇ ಕೇಳುತ್ತಾರೆ. ನಡೆಯುತ್ತದೆ. ಒಮ್ಮೆ ಪೇಟೆಗೆ ಬಂದಾಗ ಆಪ್, ಟೋನ್ ಫೈಲು ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ದನಿ ಟ್ಯಾಬ್‌ನೊಳಗೇ ಹುಟ್ಟುತ್ತದೆ. ತಿಂಗಳ ಚಂದಾ ಕೇಳುವ ಆಪ್ ಮಾತ್ರ ಬೇಡ, ಅವು ಆಗಾಗ ನೆಟ್ ಹುಡುಕುತ್ತವೆ. ಪರದೆಯ ಬೆಳಕು ಇಳಿಸಿ, ಏರ್‌ಪ್ಲೇನ್ ಮೋಡ್ ಹಾಕಿದರೆ ಬ್ಯಾಟರಿ ಗಂಟೆಗಟ್ಟಲೆ ಬರುತ್ತದೆ. ಜೂನ್ ಜುಲೈನ ತೇವಕ್ಕೆ ಕೇಬಲ್ ತುದಿಗಳು ಕಿಲುಬು ಹಿಡಿಯುತ್ತವೆ. ಮುಚ್ಚಳ ಇರುವ ಡಬ್ಬದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ.

ಪೆಂಡಾಲಿನಲ್ಲಿ ಮಿಕ್ಸರ್‌ಗೆ ಹಾಕಿದರೆ ಗುಂಯ್ ಅನ್ನುತ್ತದೆ, ಟೋನ್ ಕೂಡ ಕಿವಿ ಚುಚ್ಚುತ್ತದೆ.

ಎರಡು ಬೇರೆ ತೊಂದರೆ. ಗುಂಯ್ ಸದ್ದು ಹೆಚ್ಚಾಗಿ ಚಾರ್ಜರ್‌ನಿಂದ. ಚಾರ್ಜರ್ ಕಿತ್ತು ನೋಡಿ. ನಿಂತರೆ ಬ್ಯಾಟರಿಯಲ್ಲೇ ನುಡಿಸಿ. ರಾತ್ರಿಯೆಲ್ಲ ಕಾರ್ಯಕ್ರಮ ಇದ್ದರೆ ಟ್ಯಾಬ್ ಮತ್ತು ಮಿಕ್ಸರ್ ನಡುವೆ ಡಿಐ ಬಾಕ್ಸ್ ಹಾಕಲು ಸೌಂಡ್‌ನವರಿಗೆ ಹೇಳಿ.

ಚುಚ್ಚುವುದು ಎಫ್‌ಎಂನ ಸ್ವಭಾವ. ಹಾರ್ನ್ ಸ್ಪೀಕರ್‌ಗಳು ಮೇಲಿನ ಕಂಪನಗಳನ್ನು ಎತ್ತಿ ತೋರಿಸುತ್ತವೆ. ಮಿಕ್ಸರ್‌ನ ಟ್ರೆಬಲ್ ಇಳಿಸುವುದಕ್ಕಿಂತ ಟೋನ್‌ನ ಒಳಗೇ ಹೋಗಿ ಮಾಡ್ಯುಲೇಟರ್ ಲೆವೆಲ್ ನಾಲ್ಕೈದು ಅಂಕಿ ಇಳಿಸಿ. ದನಿ ಮೆತ್ತಗಾಗುತ್ತದೆ, ಹಾಡುವವರ ಮಾತೂ ಸ್ಪಷ್ಟವಾಗಿ ಕೇಳುತ್ತದೆ. ಒಳಗೆ ಕೈಹಾಕಲು ಬಿಡುವ ಆಪ್ ಬೇಕು ಎಂದು ನಾನು ಹಟ ಹಿಡಿಯುವುದು ಇಂಥ ಸಂದರ್ಭಕ್ಕೇ.

ಕ್ರೆಡಿಟ್ ಕಾರ್ಡ್ ಇಲ್ಲ. ಆಪ್‌ಗೆ ದುಡ್ಡು ಹೇಗೆ ಕಟ್ಟುವುದು?

ಆಪ್ ಸ್ಟೋರ್, ಪ್ಲೇ ಸ್ಟೋರ್ ಎರಡರಲ್ಲೂ ಯುಪಿಐ ನಡೆಯುತ್ತದೆ. ಮಕ್ಕಳ ಟ್ಯಾಬ್‌ಗೆ ಆಪಲ್ ಖಾತೆಯಲ್ಲಿ ಬೇಕಾದಷ್ಟೇ ದುಡ್ಡು ತುಂಬಿಸಿಡುವುದು ಒಳ್ಳೆಯದು. ಅಣ್ಣ ತಮ್ಮ ಇಬ್ಬರ ಹತ್ತಿರವೂ ಐಪ್ಯಾಡ್ ಇದ್ದರೆ ಫ್ಯಾಮಿಲಿ ಶೇರಿಂಗ್ ಮಾಡಿಕೊಳ್ಳಿ. ಆಪ್ ಮಾಡಿದವರು ಅದಕ್ಕೆ ಒಪ್ಪಿದ್ದರೆ ಒಂದೇ ಸಲ ಕೊಂಡದ್ದು ಮನೆಯವರಿಗೆಲ್ಲ ಸಿಗುತ್ತದೆ. ಕೊಳ್ಳುವ ಮೊದಲು ಆಪ್ ಪುಟದ ಕೆಳಗೆ ಅದನ್ನು ಬರೆದಿದ್ದಾರಾ ನೋಡಿ.

ಮಗಳು ಎಂಟನೇ ಕ್ಲಾಸು. ಅವಳಿಗೆ ಇದು ಕಷ್ಟ ಆಗುವುದಿಲ್ಲವಾ?

ಆಗುವುದಿಲ್ಲ. ಭಿನ್ನರಾಶಿ, ಅನುಪಾತ ಗೊತ್ತಿರುವ ಮಗುವಿಗೆ ರೇಷಿಯೊ ಗೊತ್ತಾಗುತ್ತದೆ. ನಾಲ್ಕು ಆಪರೇಟರ್ ಆಪ್ ಕೊಡಿ, ಎರಡನ್ನು ಆಫ್ ಮಾಡಿಡಿ. ಉಳಿದೆರಡರಲ್ಲಿ ಮೊದಲು ಗಂಟೆ ಮಾಡಲು ಬಿಡಿ. ರೇಷಿಯೊ 1ಕ್ಕೆ 2 ಇಟ್ಟರೆ ಕೊಳವೆ ಊದಿದಂಥ ಟೊಳ್ಳು ದನಿ, 1ಕ್ಕೆ 1 ಇಟ್ಟು ಮಾಡ್ಯುಲೇಟರ್ ನಿಧಾನವಾಗಿ ಏರುವಂತೆ ಮಾಡಿದರೆ ತುತ್ತೂರಿಯ ದನಿ. ಮಾಡಿದ ಪ್ರತಿ ಟೋನ್‌ಗೂ ಅವಳೇ ಕನ್ನಡದಲ್ಲಿ ಹೆಸರಿಟ್ಟು, ರೇಷಿಯೊ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪಕ್ಕದಲ್ಲಿ ಕೂತು ನೀವೂ ಕೇಳಿ. ಎರಡು ಟೋನ್ ತೋರಿಸಿ ಯಾವುದು ಚೆನ್ನಾಗಿದೆ ಎಂದು ಅವಳು ಕೇಳಿದರೆ ಸುಮ್ನೆ ಎರಡೂ ಚೆನ್ನಾಗಿದೆ ಅನ್ನಬೇಡಿ. ಒಂದನ್ನು ಆರಿಸಿ, ಯಾಕೆ ಎಂದು ಹೇಳಿ.